ಆರು ತೂತು ಕೂಡಿದರೆ ಸಾಲದು

ಪ್ರಶ್ನೆ: ಕಾಳಗಿ ಹತ್ರದ ಊರು ನಮ್ದು. ಒಂದು ಇಸುಜು ಡಿ-ಮ್ಯಾಕ್ಸ್ ಪಿಕಪ್ ಅದ. ಶಹಾಬಾದಿನಿಂದ ಪರಸಿ ಕಲ್ಲು ಹೊಡಿತೀವಿ, ಸುಗ್ಗಿಯಾಗ ತೊಗರಿ. ಗಾಡಿ ನನ್ನ ಹೆಸರಿಗದ, ಓಡ್ಸಾಂವ ನನ್ನ ತಮ್ಮ. ಅವ ಹೈದರಾಬಾದಿಗೆ ಹೋಗಿ, ಫಾರ್ಚೂನರ್‌ದಿಂದ ಬಿಚ್ಚಿದ 17 ಇಂಚಿನ ಅಲಾಯ್ ವೀಲ್ ನಾಲ್ಕು, ಟೈರ್ ಸಮೇತ ತಂದು ಹಾಕ್ಯಾನ. ಆರು ಬೋಲ್ಟಿಗೆ ಆರು ತೂತು ಸರೀ ಕುಂತಾವ. ಆದ್ರ 60 ದಾಟಿದ್ರ ಸ್ಟೇರಿಂಗ್ ನಡಗತದ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡ್ಸಿದ್ರೂ ಅಷ್ಟೇ. ಮೊನ್ನೆ ಲೋಡ್ ತಗೊಂಡು ಸೇಡಂ ದಾಟಿದ ಮ್ಯಾಲ ನೋಡಿದ್ರ ಹಿಂದಿನ ಗಾಲಿದು ಎರಡು ನಟ್ ಸಡಿಲ ಆಗಿದ್ವು. ಬೈದೆ. ಅವತ್ತಿನಿಂದ ತಮ್ಮ ಮಾತು ಬಿಟ್ಟಾನ. ಹಳೇ ಡಿಸ್ಕು ಟೈರು (205 ಆರ್16 ಸಿ) ಕೊಟ್ಟಿಗ್ಯಾಗ ಬಿದ್ದಾವ. ಮುಂದಿನ ತಿಂಗಳು ಎಫ್‌ಸಿ ಅದ. ಏನು ಮಾಡ್ಲಿ?

ಉತ್ತರ: ಹಳೇ ಡಿಸ್ಕು ಮಾರದೆ ಇಟ್ಟುಕೊಂಡಿದ್ದೀರಲ್ಲ, ಅರ್ಧ ಸಮಸ್ಯೆ ಅಲ್ಲೇ ತೀರಿತು. ಅವನ್ನೇ ತಿರುಗಿ ಹಾಕಿಸಿ. ಎಫ್‌ಸಿವರೆಗೂ ಕಾಯಬೇಡಿ. ಸ್ಟೇರಿಂಗ್ ನಡುಕವನ್ನು ನಾಲ್ಕು ದಿನ ಸಹಿಸಬಹುದಿತ್ತು. ಲೋಡಿನ ಗಾಡಿಯ ಹಿಂದಿನ ಗಾಲಿಯ ನಟ್ ಸಡಿಲಾಗುವುದು ಹಾಗಲ್ಲ, ಅದು ಗಾಲಿ ಕಳಚುವ ಮುನ್ಸೂಚನೆ.

ನಿಮ್ಮ ತಮ್ಮ ಮೋಸ ಹೋಗಿದ್ದಾರೆ ಅಂತ ನಾನು ಹೇಳುವುದಿಲ್ಲ. ಅಂಗಡಿಯವರು ತೋರಿಸಿದ್ದು ನಿಜವೇ. ಡಿ-ಮ್ಯಾಕ್ಸ್‌ಗೂ ಫಾರ್ಚೂನರ್‌ಗೂ ಆರಾರು ಸ್ಟಡ್, ಎರಡರಲ್ಲೂ ಆ ಸ್ಟಡ್‌ಗಳ ನಡುಬಿಂದುಗಳ ಮೇಲೆ ಹಾಯುವ ವೃತ್ತದ ವ್ಯಾಸ 139.7 ಮಿ.ಮೀ., ಅಂದರೆ ಐದೂವರೆ ಇಂಚು. ಹಾಗಾಗಿ ತೂತುಗಳು ಕೂಡುತ್ತವೆ. ಕೂಡದೇ ಇರುವುದು ನಡುವಿನ ದೊಡ್ಡ ತೂತು. ಡಿ-ಮ್ಯಾಕ್ಸ್ ಹಬ್ಬಿನ ಮೂತಿಗೆ ಬೇಕಾದದ್ದು ಸುಮಾರು 100 ಮಿ.ಮೀ. ತೂತು, ಫಾರ್ಚೂನರ್ ಚಕ್ರದ್ದು ಸುಮಾರು 106. ಕಂಪನಿಯ ಡಿಸ್ಕನ್ನು ಹಬ್ಬಿಗೆ ಏರಿಸಿದಾಗ ಅದು ಮೂತಿಯ ಮೇಲೆ ಬಿಗಿಯಾಗಿ ಕೂರುತ್ತದೆ, ನಟ್ ಹಾಕುವ ಮೊದಲೇ ಚಕ್ರ ನಟ್ಟ ನಡುವೆ ಬಂದಿರುತ್ತದೆ. ನಿಮ್ಮ ಅಲಾಯ್‌ಗೆ ಆ ಆಸರೆಯೇ ಇಲ್ಲ. ಆರು ಮಿಲಿಮೀಟರ್ ಸಂದು. ಸ್ಟಡ್ಡಿನ ತೂತುಗಳಲ್ಲಿ ಎಷ್ಟು ಸಡಿಲವಿದೆಯೋ ಅಷ್ಟು ಕೆಳಗೆ ಜಾರಿ ನಿಲ್ಲುತ್ತದೆ. ಒಂದೇ ಮಿಲಿಮೀಟರ್ ಜಾರಿದರೂ 60ರ ವೇಗದಲ್ಲಿ ಕೈಗೆ ಗೊತ್ತಾಗುತ್ತದೆ.

ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ ಅಂದಿರಿ. ಹೋಗುವುದಿಲ್ಲ. ಬ್ಯಾಲೆನ್ಸಿಂಗ್ ಮಷೀನು ಚಕ್ರವನ್ನು ಹಿಡಿಯುವುದು ನಡುವಿನ ತೂತಿಗೆ ಒಂದು ಶಂಕುವನ್ನು ತೂರಿಸಿ. ಅಲ್ಲಿ ಚಕ್ರ ತನ್ನ ಸರಿಯಾದ ನಡುವಿನ ಮೇಲೆಯೇ ತಿರುಗುತ್ತದೆ, ಪರದೆಯ ಮೇಲೆ ಸೊನ್ನೆ ಬರುತ್ತದೆ. ತಂದು ಗಾಡಿಗೆ ಹಾಕಿದ ಕೂಡಲೇ ನಡು ತಪ್ಪುತ್ತದೆ. ಮಷೀನಿನ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಉಪಯೋಗವಿಲ್ಲ.

ಇನ್ನು ನಟ್‌ಗಳ ಮಾತು. ನನಗೆ ಹೆಚ್ಚು ಭಯ ಇರುವುದು ಇಲ್ಲಿಯೇ. ಟೊಯೋಟಾದ ಹಲವು ಅಲಾಯ್ ಚಕ್ರಗಳಿಗೆ ಬರುವ ನಟ್ಟಿಗೆ ಉದ್ದನೆಯ ಕತ್ತು, ಚಪ್ಪಟೆ ವಾಷರ್ ಇರುತ್ತದೆ. ಕತ್ತು ತೂತಿನೊಳಗೆ ಇಳಿಯುತ್ತದೆ, ವಾಷರ್ ಸಮತಟ್ಟು ಜಾಗದ ಮೇಲೆ ಕೂರುತ್ತದೆ. ನಿಮ್ಮ ಕಬ್ಬಿಣದ ಡಿಸ್ಕಿನ ನಟ್‌ಗಳ ಬುಡ ಶಂಕುವಿನಂತೆ ಇಳಿಜಾರು. ಎರಡರ ಮರೆಯೂ (ಥ್ರೆಡ್) ಒಂದೇ ಆದ್ದರಿಂದ ನಟ್ ಸಲೀಸಾಗಿ ತಿರುಗುತ್ತದೆ, ಬಿಗಿಯೂ ಆಗುತ್ತದೆ. ತಮ್ಮ ಹಳೇ ನಟ್‌ಗಳನ್ನೇ ಹಾಕಿದ್ದರೆ, ಒಂದು ಚಕ್ರ ಬಿಚ್ಚಿ ತೂತಿನ ಬಾಯಿ ನೋಡಿ. ಅಗಲವಾದ ಮಚ್ಚೆ ಇರಬೇಕಾದಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಹೊಳೆಯುವ ಉಂಗುರ ಕಂಡರೆ, ಶಂಕುವಿನ ಅಂಚು ಮಾತ್ರ ಅಲ್ಯೂಮಿನಿಯಂಗೆ ತಾಗಿತ್ತು ಅಂತ ತಿಳಿಯಿರಿ.

ಇದು ಯಾಕೆ ಕೆಟ್ಟದ್ದು ಅಂದರೆ, ಗಾಡಿಯ ಭಾರವನ್ನು ಹೊರುವುದು ಸ್ಟಡ್‌ಗಳಲ್ಲ. ನಟ್ ಬಿಗಿದಾಗ ಸ್ಟಡ್ ಸ್ವಲ್ಪ ಹಿಗ್ಗಿ ಚಕ್ರವನ್ನು ಹಬ್ಬಿಗೆ ಅಮುಕಿ ಹಿಡಿಯುತ್ತದೆ. ಆ ಎರಡು ಮುಖಗಳ ನಡುವಿನ ಹಿಡಿತವೇ ಭಾರ ಹೊರುತ್ತದೆ. ತೆಳ್ಳಗಿನ ಅಂಚಿನ ಕೆಳಗೆ ಅಲ್ಯೂಮಿನಿಯಂ ನಜ್ಜಿದಂತೆಲ್ಲ ಅಮುಕು ಕಡಿಮೆಯಾಗುತ್ತದೆ, ಚಕ್ರ ಹಬ್ಬಿನ ಮೇಲೆ ಒರೆಸಾಡಲು ಶುರುಮಾಡುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಸ್ಟಡ್ ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಂತೆ ಒಂದು ದಿನ ಅದು ಮುರಿಯುತ್ತದೆ. ಆದ್ದರಿಂದ ನಟ್ ಸಡಿಲಾಗಿದ್ದ ಆ ಗಾಲಿಯ ಆರೂ ಸ್ಟಡ್ ಹೊಸದು ಹಾಕಿಸಿ. ಎರಡೇ ಸಾಕು ಅಂತ ಮೆಕ್ಯಾನಿಕ್ ಅಂದರೂ ಒಪ್ಪಬೇಡಿ, ಉಳಿದ ನಾಲ್ಕೂ ಅದೇ ಪೆಟ್ಟು ತಿಂದಿವೆ.

ಹಬ್ಬಿಗೂ ಚಕ್ರಕ್ಕೂ ನಡುವೆ ರಿಂಗ್ ಕೂರಿಸಿದರೆ ಆಗದೇ ಅಂತ ನಿಮ್ಮ ತಮ್ಮ ಕೇಳಬಹುದು. ಆಗುತ್ತದೆ. ಹೊರಗೆ 106, ಒಳಗೆ 100ರ ರಿಂಗನ್ನು ಒಳ್ಳೆಯ ಲೇತ್‌ನವರು ಕಡೆದು ಕೊಡುತ್ತಾರೆ. ಅಳತೆಯನ್ನು ಮಾತ್ರ ನಿಮ್ಮ ಹಬ್ಬಿನಿಂದಲೇ ವರ್ನಿಯರ್ ಹಿಡಿದು ತೆಗೆಯಬೇಕು. ಚಕ್ರಕ್ಕೆ ಒಪ್ಪುವ ಚಪ್ಪಟೆ ವಾಷರಿನ ನಟ್‌ಗಳನ್ನೂ ತರಿಸಿದರೆ ನಡುಕ ನಿಲ್ಲುತ್ತದೆ. ಆಗ ಸ್ಟೆಪ್ನಿಗಾಗಿ ಹಳೇ ನಟ್‌ಗಳ ಒಂದು ಗಂಟನ್ನೂ ಗಾಡಿಯಲ್ಲಿಟ್ಟಿರಬೇಕು. ಇಷ್ಟಾದರೂ ನಾನು ಬೇಡ ಅನ್ನುವುದು ನಿಮ್ಮದು ಲೋಡಿನ ಗಾಡಿ ಅನ್ನುವ ಕಾರಣಕ್ಕೆ.

ಎರಡಡಿ ಚೌಕದ, ಒಂದಿಂಚು ದಪ್ಪದ ಪರಸಿ ಒಂದಕ್ಕೆ ಸುಮಾರು 25 ಕಿಲೋ. ನಲವತ್ತು ಪರಸಿಗೆ ಒಂದು ಟನ್. ಅದರ ಹೆಚ್ಚಿನ ಪಾಲು ಬೀಳುವುದು ಹಿಂದಿನ ಎರಡು ಗಾಲಿಗಳ ಮೇಲೆ. ಫಾರ್ಚೂನರ್ ಚಕ್ರ ದುರ್ಬಲ ಅಂತಲ್ಲ, ಅದನ್ನು ಮಾಡಿದ್ದು ಜನರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ. ಕ್ವಾರಿಯ ದಾರಿಯ ಗುಂಡಿಗೆ ಬಿದ್ದರೆ ಕಬ್ಬಿಣದ ಡಿಸ್ಕು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಅಲಾಯ್ ಬಿರಿಯುತ್ತದೆ. ಅದೂ ಎಷ್ಟೋ ಸಲ ಒಳಮಗ್ಗುಲಲ್ಲಿ, ಕೆಸರಿನಡಿ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಚಕ್ರ ಹಿಂದೆ ಎಲ್ಲಿ ಬಿದ್ದಿತ್ತೋ, ಯಾರು ವೆಲ್ಡಿಂಗ್ ಮಾಡಿ ಬಣ್ಣ ಬಳಿದರೋ ಹೇಳುವವರಿಲ್ಲ.

ಎಫ್‌ಸಿ ಬಗ್ಗೆ ಕೇಳಿದ್ದೀರಿ. ಸರಕು ಗಾಡಿಯ ನೋಂದಣಿಯಲ್ಲಿ ಪ್ರತಿ ಆಕ್ಸಲ್‌ನ ಟೈರ್‌ಗಳ ವಿವರ ಮತ್ತು ಅಳತೆ ಬರೆದಿರುತ್ತದೆ. ಫಾರ್ಚೂನರ್‌ನ 17 ಇಂಚಿನ ಟೈರ್ ಸಾಮಾನ್ಯವಾಗಿ 265/65 ಆರ್17. ನಿಮ್ಮ ಹಳೇ ಟೈರಿಗಿಂತ ಅದರ ಎತ್ತರ ಸುಮಾರು ಮೂರೂವರೆ ಸೆಂಟಿಮೀಟರ್ ಹೆಚ್ಚು. ಮೀಟರ್ 60 ತೋರಿಸುವಾಗ ಗಾಡಿ ಹೆಚ್ಚುಕಡಿಮೆ 63ರಲ್ಲಿ ಓಡುತ್ತಿರುತ್ತದೆ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗಿನ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಮಾಲೀಕ ಅಂದರೆ ನೀವು, ತಮ್ಮನಲ್ಲ. ಕಲಬುರಗಿಯಲ್ಲಿ ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳಲಿಕ್ಕಿಲ್ಲ ಅಂತ ಯಾರಾದರೂ ಧೈರ್ಯ ಹೇಳಿಯಾರು. ನಾಳೆ ಅಪಘಾತವಾದರೆ ವಿಮೆಯವರು ಮೊದಲು ಫೋಟೋ ತೆಗೆಯುವುದು ಗಾಲಿಗಳದ್ದೇ.

ತಮ್ಮನ ವಿಷಯ. ಬೈದದ್ದು ಬಸ್‌ಸ್ಟ್ಯಾಂಡಿನ ಪಂಕ್ಚರ್ ಅಂಗಡಿ ಮುಂದೆ ನಾಲ್ಕು ಜನರೆದುರು ಆಗಿದ್ದರೆ, ಮಾತು ಬಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ದಿನವಿಡೀ ಕಲ್ಲು, ಧೂಳು, ಸಿಮೆಂಟ್ ಲಾರಿಗಳ ನಡುವೆ ಓಡಿಸುವ ಹುಡುಗನಿಗೆ ತನ್ನ ಗಾಡಿ ಚೆಂದ ಕಾಣಲಿ ಅನ್ನಿಸಿದ್ದು ತಪ್ಪಲ್ಲ. ಅವನನ್ನು ಕೂರಿಸಿಕೊಂಡು ಜಾಕಿ ಹಾಕಿ, ಚಕ್ರ ಬಿಚ್ಚಿ, ವರ್ನಿಯರನ್ನು ಅವನ ಕೈಗೇ ಕೊಡಿ. ಹಬ್ಬಿನ ಮೂತಿ ಅಳೆಯಲಿ, ಚಕ್ರದ ತೂತು ಅಳೆಯಲಿ. ಓಡಿಸುವವನಿಗೆ ಆ ಆರು ಮಿಲಿಮೀಟರ್ ನಿಮ್ಮ ಮಾತಿಗಿಂತ ಬೇಗ ಅರ್ಥವಾಗುತ್ತದೆ. ದುಡ್ಡು ಪೂರ್ತಿ ಮುಳುಗುವುದೂ ಇಲ್ಲ. ಆ ಚಕ್ರಗಳು ಫಾರ್ಚೂನರ್‌ಗೆ, ಹೈಲಕ್ಸ್‌ಗೆ ನೆಟ್ಟಗೆ ಕೂರುತ್ತವೆ, ಕಲಬುರಗಿಯಲ್ಲಿ ಫಾರ್ಚೂನರ್‌ಗೇನು ಬರವೇ? ಯಾವುದಾದರೂ ಪುಢಾರಿಯ ಮನೆ ಮುಂದೆ ನಿಂತು ನೋಡಿ. ತೂತಿನ ಬಾಯಿ ನಜ್ಜಿದ್ದರೆ ಮಾತ್ರ ಕೊಳ್ಳುವವರಿಗೆ ತೋರಿಸಿಯೇ ಮಾರಿ. ನಜ್ಜು ಜೋರಾಗಿದ್ದರೆ ಅದು ಗುಜರಿಯ ಮಾಲು.

ಡಿಸ್ಕು ತಿರುಗಿ ಹಾಕುವಾಗ ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಸ್ಟಡ್ಡಿಗೆ ಎಣ್ಣೆ, ಗ್ರೀಸ್ ಸವರಬೇಡಿ. ಗಾಲಿ ಮೇಲಿದ್ದಾಗಲೇ ನಟ್‌ಗಳನ್ನು ಕೈಯಿಂದ ಕೂರಿಸಿ, ಎದುರುಬದುರಾಗಿ ಬಿಗಿಯುತ್ತ ಬನ್ನಿ. ಕೊನೆಯ ಬಿಗಿ ಕೈಪಿಡಿ ಹೇಳಿದಷ್ಟೇ ಇರಲಿ, ಅದೂ ಟಾರ್ಕ್ ರೆಂಚಿನಿಂದ. ಏರ್ ಗನ್ ಬೇಡ, ಪಾನಾಕ್ಕೆ ಪೈಪ್ ಸಿಕ್ಕಿಸಿ ಮೇಲೆ ಹತ್ತಿ ನಿಲ್ಲುವುದೂ ಬೇಡ, ಅದರಿಂದಲೂ ಸ್ಟಡ್ ಹಿಗ್ಗಿ ಕೆಡುತ್ತದೆ. ಖಾಲಿ ಗಾಡಿಯಲ್ಲಿ ಚಿತ್ತಾಪುರಕ್ಕೋ ಚಿಂಚೋಳಿಗೋ ಹೋಗಿಬಂದು, ನೂರು ಕಿಲೋಮೀಟರ್ ಆಗುವುದರೊಳಗೆ ಅಷ್ಟೂ ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿ. ಅಲ್ಲಿಯವರೆಗೆ ಆ ಗಾಡಿಗೆ ಒಂದು ಪರಸಿಯನ್ನೂ ಏರಿಸಬೇಡಿ.