ಸರ್ಪಸುತ್ತು ಮತ್ತು ಅದು ಬಿಟ್ಟುಹೋಗುವ ನರನೋವು: ಮೊದಲ ಮೂರು ದಿನಗಳ ಬೆಲೆ

ಸತ್ತೇಗಾಲದ ನನ್ನ ಸೋದರತ್ತೆಗೆ ಆಗ 66 ವರ್ಷ. ಒಂದು ಸಂಜೆ ಎಡ ಪಕ್ಕೆ ಹಿಡಿದುಕೊಂಡು, "ಒಳಗೆ ಕೆಂಡ ಮಡಗ್ದಂಗಾಯ್ತದೆ ಕಣವ್ವ" ಎಂದರು. ಹಿಂದಿನ ದಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತಿದ್ದರು. ನಾನು ಪಕ್ಕೆಯನ್ನು ಮುಟ್ಟಿ ನೋಡಿದೆ, ಏನೂ ಕಾಣಲಿಲ್ಲ. "ಗ್ಯಾಸ್ ಇರಬೇಕು ಅತ್ತೆ" ಎಂದು ಹೇಳಿ ಮಾತ್ರೆ ಕೊಟ್ಟೆ. ನಾಲ್ಕನೆಯ ದಿನ ಅದೇ ಜಾಗದಲ್ಲಿ ಕೆಂಪು ಗುಳ್ಳೆಗಳು ಸಾಲಾಗಿ ಎದ್ದವು. ಮನೆಯವರು ಕೆಮ್ಮಣ್ಣು ಹಚ್ಚಿಸಿದರು. ಆಸ್ಪತ್ರೆಗೆ ಬಂದದ್ದು ಗುಳ್ಳೆ ಎದ್ದ ಎಂಟನೆಯ ದಿನ. ಗಾಯ ಒಂದು ತಿಂಗಳಲ್ಲಿ ಮಾಯಿತು, ನೋವು ಮಾತ್ರ ಹದಿನಾಲ್ಕು ತಿಂಗಳು ಉಳಿಯಿತು. ರವಿಕೆಯ ಬಟ್ಟೆ ಸೋಕಿದರೂ ಅತ್ತೆ ಕಣ್ಣೀರು ಹಾಕುತ್ತಿದ್ದರು.

ದಾದಿಯಾಗಿದ್ದೂ ನಾನು ಗುರುತಿಸಲಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಬಾರದೆಂದು ಈ ಪಾಠ ಬರೆದಿದ್ದೇನೆ.

ಸರ್ಪಸುತ್ತು ಎಂದರೇನು?

ಚಿಕ್ಕಂದಿನಲ್ಲಿ ಅನೇಕರಿಗೆ ಚಿಕನ್ ಪಾಕ್ಸ್ ಆಗಿರುತ್ತದೆ. ನಮ್ಮ ಕಡೆ ಇದನ್ನು 'ಅಮ್ಮ' ಎನ್ನುತ್ತೇವೆ. ಮೈಮೇಲಿನ ಗುಳ್ಳೆ ಒಣಗಿದರೂ ಅದರ ವೈರಾಣು ದೇಹವನ್ನು ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ನರದ ಗಂಟುಗಳಲ್ಲಿ ಹತ್ತಾರು ವರ್ಷ ಸುಮ್ಮನೆ ಅಡಗಿರುತ್ತದೆ. ವಯಸ್ಸಾದಾಗ, ಅಥವಾ ಎಚ್.ಐ.ವಿ., ಕ್ಯಾನ್ಸರ್ ಚಿಕಿತ್ಸೆ, ದೀರ್ಘಕಾಲದ ಸ್ಟೀರಾಯ್ಡ್ ಮಾತ್ರೆಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಎಚ್ಚೆತ್ತು, ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲೂ ಇದು ಹೆಚ್ಚು. ಬರುವ ದಾರಿಯಲ್ಲಿ ನರವೇ ಊದಿಕೊಂಡು ಗಾಯಗೊಳ್ಳುತ್ತದೆ. ಆದ್ದರಿಂದಲೇ ಗುಳ್ಳೆಗಿಂತ ನೋವು ಮೊದಲು ಬರುತ್ತದೆ, ಗುಳ್ಳೆ ಹೋದ ಮೇಲೂ ಉಳಿಯಬಹುದು.

ಇದರ ವೈದ್ಯಕೀಯ ಹೆಸರು 'ಹರ್ಪಿಸ್ ಜೋಸ್ಟರ್'.

'ಹರ್ಪಿಸ್' ಎಂಬ ಪದಕ್ಕೆ ನಾಚಬೇಡಿ

ಚೀಟಿಯಲ್ಲಿ ಈ ಪದ ಕಂಡು, ಲೈಂಗಿಕ ಕಾಯಿಲೆ ಎಂದು ತಿಳಿದು, ಕೆಲವರು ಚೀಟಿಯನ್ನು ಮನೆಯವರಿಂದ ಮುಚ್ಚಿಡುತ್ತಾರೆ. ತುಟಿಯಲ್ಲಿ ಅಥವಾ ಗುಪ್ತಾಂಗದಲ್ಲಿ ಗುಳ್ಳೆ ತರುವುದು 'ಹರ್ಪಿಸ್ ಸಿಂಪ್ಲೆಕ್ಸ್'. ಅದು ಇದೇ ಕುಟುಂಬದ ಬೇರೆ ವೈರಾಣು. ಸರ್ಪಸುತ್ತು ಲೈಂಗಿಕ ಸಂಪರ್ಕದಿಂದ ಬರುವ ಕಾಯಿಲೆಯಲ್ಲ. ಆದರೆ ಸಿಂಪ್ಲೆಕ್ಸ್ ಕೂಡ ನರದಲ್ಲಿಯೇ ಅಡಗಿರುತ್ತದೆ. ಗುಳ್ಳೆ ಏಳುವ ಮುನ್ನ ಪೃಷ್ಠ, ತೊಡೆಯಲ್ಲಿ ಉರಿ, ಚಳುಕು ತರಬಲ್ಲದು. ಅದೇ ಜಾಗದಲ್ಲಿ ಗುಳ್ಳೆ ಮತ್ತೆ ಮತ್ತೆ ಬರುತ್ತಿದ್ದರೆ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಎರಡಕ್ಕೂ ಔಷಧಿ ಇದೆ.

ಗುರುತಿಸುವುದು ಹೇಗೆ?

ಗುಳ್ಳೆ ಏಳುವ ಮೊದಲು 1ರಿಂದ 5 ದಿನ ಬರೀ ನೋವು ಇರಬಹುದು. ಎದೆಯಲ್ಲಾದರೆ ಹೃದಯದ ನೋವೆಂದು, ಹೊಟ್ಟೆಯಲ್ಲಾದರೆ ಕಲ್ಲು ಅಥವಾ ಅಪೆಂಡಿಕ್ಸ್ ಎಂದು, ಮುಖದಲ್ಲಾದರೆ ಹಲ್ಲುನೋವೆಂದು ತೋರುತ್ತದೆ. ಎದೆನೋವನ್ನು ಮಾತ್ರ ಎಂದೂ ಮನೆಯಲ್ಲಿ ತೀರ್ಮಾನಿಸಬೇಡಿ, ಮೊದಲು ಇ.ಸಿ.ಜಿ. ಆಗಲಿ. ನರನೋವಿನ ಲಕ್ಷಣಗಳು ಇವು:

1. ದೇಹದ ಒಂದೇ ಬದಿಯಲ್ಲಿ, ಪಟ್ಟಿಯಂತೆ ಇರುತ್ತದೆ. ಸಾಮಾನ್ಯವಾಗಿ ಮಧ್ಯರೇಖೆಯನ್ನು ದಾಟುವುದಿಲ್ಲ.
2. ಉರಿ, ಚಳುಕು, ಕರೆಂಟು ಹೊಡೆದಂತೆ, ಇರುವೆ ಹರಿದಂತೆ ಅನಿಸುತ್ತದೆ.
3. ಬಟ್ಟೆ, ಗಾಳಿ ಸೋಕಿದರೂ ನೋಯುತ್ತದೆ. ಕೆಲವೆಡೆ ಜೋಮು ಹಿಡಿದಿರುತ್ತದೆ.

ಇಂತಹ ನೋವಿದ್ದರೆ ದಿನಕ್ಕೆ ಎರಡು ಸಲ ಬೆಳಕಿನಲ್ಲಿ ಆ ಜಾಗವನ್ನು ನೋಡಿ. ವಯಸ್ಸಾದವರ ಬೆನ್ನನ್ನು ಮನೆಯವರೇ ನೋಡಬೇಕು.

ಗುಳ್ಳೆ ಎದ್ದ ಮೇಲೆ ಹೆಚ್ಚಿನವರಲ್ಲಿ ವೈದ್ಯರು ಕಣ್ಣಿನಿಂದ ನೋಡಿಯೇ ಹೇಳಬಲ್ಲರು. ಅನುಮಾನವಿದ್ದರೆ ಗುಳ್ಳೆಯ ನೀರನ್ನು ಪಿ.ಸಿ.ಆರ್. ಪರೀಕ್ಷೆಗೆ ಕಳಿಸುತ್ತಾರೆ. ಇದರಿಂದ ಯಾವ ವೈರಾಣು ಎಂಬುದೂ ತಿಳಿಯುತ್ತದೆ. ಅಪರೂಪಕ್ಕೆ ಗುಳ್ಳೆಯೇ ಏಳದೆ ಬರೀ ನೋವು ಬರುವುದೂ ಉಂಟು. ಆಗ ಗುರುತಿಸುವುದು ಕಷ್ಟ. ನೋವು ಎಂದು ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ನಿದ್ದೆ ಕೆಡಿಸುತ್ತದೆಯೇ, ಹಿಂದೆ 'ಅಮ್ಮ' ಆಗಿತ್ತೇ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬ ಐದು ವಿಷಯ ಬರೆದುಕೊಂಡು ಬನ್ನಿ. ಆಗ ನಿಮ್ಮ ಮಾತೇ ಅರ್ಧ ಪರೀಕ್ಷೆ.

72 ಗಂಟೆ

ಎಸೈಕ್ಲೋವಿರ್, ವ್ಯಾಲಾಸೈಕ್ಲೋವಿರ್ ಎಂಬ ಮಾತ್ರೆಗಳು ವೈರಾಣು ಹೆಚ್ಚುವುದನ್ನು ತಡೆಯುತ್ತವೆ. ಗುಳ್ಳೆ ಕಂಡ 72 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ. ಸಾಮಾನ್ಯವಾಗಿ 7 ದಿನ ಕೊಡುತ್ತಾರೆ. ಎಸೈಕ್ಲೋವಿರ್ ಆದರೆ ದಿನಕ್ಕೆ 5 ಸಲ, ಹೊತ್ತು ತಪ್ಪಬಾರದು. ಚೆನ್ನಾಗಿ ನೀರು ಕುಡಿಯಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ತಿಳಿಸಿ, ಅಳತೆ ಕಡಿಮೆ ಮಾಡಬೇಕಾಗುತ್ತದೆ. ಮೂರು ದಿನ ಮೀರಿದೆ ಎಂದು ಮನೆಯಲ್ಲೇ ಉಳಿಯಬೇಡಿ. ಹೊಸ ಗುಳ್ಳೆ ಏಳುತ್ತಿದ್ದರೆ ಆಗಲೂ ಔಷಧಿ ಕೊಡುತ್ತಾರೆ.

ಅದೇ ದಿನ ಆಸ್ಪತ್ರೆಗೆ ಬನ್ನಿ

- ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ. ದೃಷ್ಟಿಗೆ ಅಪಾಯವಿದೆ, ಕಣ್ಣಿನ ವೈದ್ಯರೂ ನೋಡಬೇಕು.
- ಕಿವಿಯಲ್ಲಿ ಗುಳ್ಳೆ ಎದ್ದು ಮುಖ ಸೊಟ್ಟಗಾದರೆ, ಕಿವಿ ಮಂದವಾದರೆ.
- ಮೂತ್ರ ಕಟ್ಟಿಕೊಂಡರೆ, ಕೈಕಾಲು ಸೋತರೆ.
- ಮೈತುಂಬ ಗುಳ್ಳೆ ಹರಡಿದರೆ, ಜ್ವರದಲ್ಲಿ ಮಾತು ತಪ್ಪಿದರೆ.

ಹಾವು, ಕೆಮ್ಮಣ್ಣು, ಹರಕೆ

ತಲೆಗೂ ಬಾಲಕ್ಕೂ ಕೂಡಿಕೊಂಡರೆ ಜೀವ ಹೋಗುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಇದೆ. ಒಂದು ನರ ದೇಹದ ಅರ್ಧ ಭಾಗಕ್ಕಷ್ಟೇ ಹೋಗುವುದರಿಂದ ಗುಳ್ಳೆ ಪೂರ್ತಿ ಸುತ್ತುವುದು ತೀರಾ ಅಪರೂಪ. ಎರಡೂ ಬದಿಗೆ ಬಂದರೆ ಅದು ನಿರೋಧಕ ಶಕ್ತಿ ತಗ್ಗಿದ ಸೂಚನೆ ಇರಬಹುದು, ಪರೀಕ್ಷೆ ಮಾಡಿಸಿ. ನಾಗರಕಲ್ಲಿಗೆ ಹಾಲೆರೆಯುವವರು ಎರೆಯಲಿ, ಆದರೆ ಮಾತ್ರೆ ಅದಕ್ಕಾಗಿ ಕಾಯಬಾರದು. ಒಡೆದ ಗುಳ್ಳೆಗೆ ಮಣ್ಣು, ಸೊಪ್ಪಿನ ರಸ ಹಚ್ಚಿದರೆ ಕೀವಾಗುತ್ತದೆ. ಶುದ್ಧ ನೀರಿನಿಂದ ತೊಳೆದು, ಒರೆಸಿ, ಸಡಿಲವಾದ ಹತ್ತಿಬಟ್ಟೆ ಹಾಕಿ.

ಒಬ್ಬರ ಸರ್ಪಸುತ್ತು ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಗುಲಿದರೆ, 'ಅಮ್ಮ' ಆಗದವರಿಗೆ 'ಅಮ್ಮ' ಬರಬಹುದು. ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುವವರೆಗೆ ಮುಚ್ಚಿಡಿ. ಬಸುರಿಯರು, ಎಳೆಗೂಸುಗಳಿಂದ ದೂರವಿರಿ.

ನೋವು ಉಳಿದುಕೊಂಡರೆ

ಮೂರು ತಿಂಗಳು ಮೀರಿಯೂ ನೋವಿದ್ದರೆ ಅದು ಸರ್ಪಸುತ್ತಿನ ನಂತರದ ನರನೋವು. 60 ದಾಟಿದವರಲ್ಲಿ, ಆರಂಭದಲ್ಲೇ ಅತಿಯಾಗಿ ನೊಂದವರಲ್ಲಿ ಇದು ಹೆಚ್ಚು. ಅಂಗಡಿಯಲ್ಲಿ ಸಿಗುವ ಮೈಕೈ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ. ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್, ಅಮಿಟ್ರಿಪ್ಟಿಲಿನ್ ಎಂಬ ನರದ ಔಷಧಿಗಳಿವೆ. ಚರ್ಮಕ್ಕೆ ಅಂಟಿಸುವ ಲಿಡೊಕೇನ್ ಪಟ್ಟಿಯೂ ಇದೆ. ಇವು ನಿಧಾನವಾಗಿ ಗುಣ ತೋರುತ್ತವೆ. ತೂಕಡಿಕೆ, ತಲೆಸುತ್ತು ಬರಬಹುದು, ರಾತ್ರಿ ಏಳುವಾಗ ವಯಸ್ಸಾದವರ ಕೈ ಹಿಡಿಯಿರಿ. ತಾವಾಗಿ ಹೆಚ್ಚಿಸುವುದು, ಥಟ್ಟನೆ ನಿಲ್ಲಿಸುವುದು ಬೇಡ.

ಸರ್ಪಸುತ್ತನ್ನು ತಡೆಯುವ ಶಿಂಗ್ರಿಕ್ಸ್ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ದೊರೆಯುತ್ತಿದೆ. 50 ದಾಟಿದವರು 2ರಿಂದ 6 ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಪಡೆಯಬೇಕು. ಬೆಲೆ ದುಬಾರಿ, ವೈದ್ಯರೊಡನೆ ಚರ್ಚಿಸಿ ನಿರ್ಧರಿಸಿ.

ಮನೆಯವರಿಗೆ ಒಂದು ಮಾತು

ಗಾಯ ಮಾಯ್ದ ಮೇಲೂ ನೋವೆಂದರೆ ಜನ ನಂಬುವುದಿಲ್ಲ. "ಕೆಲಸ ತಪ್ಪಿಸಲು ನೆಪ" ಎಂಬ ಮಾತನ್ನು ನಮ್ಮ ಅತ್ತೆಯೂ ಕೇಳಿದರು. ಆ ಮಾತು ನೋವಿಗಿಂತ ಹೆಚ್ಚು ಚುಚ್ಚಿತು ಎಂದು ಆಮೇಲೆ ನನ್ನೊಡನೆ ಹೇಳಿಕೊಂಡರು. ಚರ್ಮದ ಮೇಲೆ ಏನೂ ಕಾಣದಿದ್ದರೂ ಒಳಗಿನ ನರ ಗಾಯಗೊಂಡಿರುತ್ತದೆ. ಹಿರಿಯರು "ಒಂದು ಕಡೆ ಉರಿಯುತ್ತದೆ" ಎಂದರೆ ನಂಬಿ, ಬೆಳಕಿನಲ್ಲಿ ನೋಡಿ, ಗುಳ್ಳೆ ಕಂಡ ದಿನವೇ ಕರೆದುಕೊಂಡು ಬನ್ನಿ.