ಪ್ರೊಪೇನ್, ಹೀಟಿಂಗ್ ಆಯಿಲ್ ಮತ್ತು ಟ್ಯಾಂಕಿನ ಒಡೆತನ

ಅಮೆರಿಕದ ಈಶಾನ್ಯದಲ್ಲಿರುವ ಮೇಯ್ನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಹಳ್ಳಿಗಾಡಿಗೆ ನೈಸರ್ಗಿಕ ಅನಿಲದ ಕೊಳವೆಮಾರ್ಗ ಬಹುಮಟ್ಟಿಗೆ ತಲುಪಿಲ್ಲವಾದ್ದರಿಂದ, ಅಲ್ಲಿ ಮನೆ ಮಾಡಿದವರು ಚಳಿಗಾಲದ ಇಂಧನವನ್ನು ಟ್ರಕ್ಕಿನಲ್ಲಿ ತರಿಸಿ ಟ್ಯಾಂಕಿನಲ್ಲಿ ತುಂಬಿಟ್ಟುಕೊಳ್ಳಬೇಕಾಗುತ್ತದೆ. ಅದು ಡೀಸೆಲ್‌ಗೆ ತೀರ ಹತ್ತಿರದ್ದಾದ ಹೀಟಿಂಗ್ ಆಯಿಲ್ ಆಗಿರಬೇಕೆ, ಒತ್ತಡದಲ್ಲಿ ದ್ರವವಾಗಿಸಿದ ಪ್ರೊಪೇನ್ ಆಗಿರಬೇಕೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದು ಹಳೆಯ ಫರ್ನೇಸ್, ಅಂದರೆ ಮನೆಗೆಲ್ಲ ಬಿಸಿಗಾಳಿ ಒದಗಿಸುವ ಯಂತ್ರ, ಕೈಕೊಟ್ಟಾಗ.

ಹೊಸಬರ ಕಣ್ಣು ಮೊದಲು ಹೋಗುವುದು ಗ್ಯಾಲನ್ ದರದ ಮೇಲೆ. ಆದರೆ ಕೊಳ್ಳುತ್ತಿರುವುದು ದ್ರವವನ್ನಲ್ಲ, ಶಾಖವನ್ನು. ಶಾಖವನ್ನು ಅಲ್ಲಿ ಬಿಟಿಯು ಎಂಬ ಮಾನದಿಂದ, ಅಂದರೆ ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಯೇರಿಸುವ ಶಾಖದಿಂದ, ಅಳೆಯುತ್ತಾರೆ. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಆಯಿಲ್‌ನಲ್ಲಿ ಸುಮಾರು 1,38,500 ಬಿಟಿಯು ಇದ್ದರೆ, ಅಷ್ಟೇ ಪ್ರೊಪೇನ್‌ನಲ್ಲಿರುವುದು ಸುಮಾರು 91,500. ಹೊಗೆಯಲ್ಲಿನ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಹಿಡಿದುಕೊಳ್ಳುವ ಕಂಡೆನ್ಸಿಂಗ್ ಫರ್ನೇಸ್ ಪ್ರೊಪೇನ್‌ನ ಶಾಖದ ಶೇ. 95ರಷ್ಟನ್ನು ಮನೆಗೆ ತಲುಪಿಸಬಲ್ಲದು, ಸಾಧಾರಣ ಆಯಿಲ್ ಫರ್ನೇಸ್ ಶೇ. 85ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಅನುಕೂಲವನ್ನು ಲೆಕ್ಕಕ್ಕೆ ಹಿಡಿದರೂ, ಆಯಿಲ್ 4 ಡಾಲರ್ ಇದ್ದಾಗ ಪ್ರೊಪೇನ್ ಸುಮಾರು 2.95 ಡಾಲರಿಗಿಂತ ಕೆಳಗಿದ್ದರೆ ಮಾತ್ರ ಅದು ಅಗ್ಗ.

ಇಷ್ಟು ಲೆಕ್ಕ ಹಾಕಿದವರೂ ಕಡೆಗಣಿಸುವ ಸಂಗತಿಯೆಂದರೆ ಟ್ಯಾಂಕಿನ ಒಡೆತನ. ನೆಲಮಾಳಿಗೆಯಲ್ಲಿ ಕೂರುವ 275 ಗ್ಯಾಲನ್‌ನ ಆಯಿಲ್ ಟ್ಯಾಂಕು ಮನೆಯವರದೇ ಆಗಿರುವುದರಿಂದ, ಬೇಸಿಗೆಯಲ್ಲಿ ನಾಲ್ಕಾರು ವ್ಯಾಪಾರಿಗಳಿಗೆ ಫೋನು ಮಾಡಿ, ಕಡಿಮೆ ದರ ಹೇಳಿದವರಿಂದ ತುಂಬಿಸಿಕೊಳ್ಳಬಹುದು. ಅಂಗಳದಲ್ಲಿ ನಿಲ್ಲುವ ಪ್ರೊಪೇನ್ ಟ್ಯಾಂಕನ್ನಾದರೋ ಅನೇಕ ಕಡೆ ವ್ಯಾಪಾರಿಯೇ ಬಾಡಿಗೆಗೆ ಕೊಡುತ್ತಾನೆ, ಅದಕ್ಕೆ ಬೇರೆಯವರು ಅನಿಲ ತುಂಬುವಂತಿಲ್ಲ. ಮೊದಲ ವರ್ಷ ಆಕರ್ಷಕ ದರ ಕೊಟ್ಟು ಮರುವರ್ಷ ಏರಿಸಿದರೆ ಗಿರಾಕಿಗೆ ಉಳಿಯುವುದು ಟ್ಯಾಂಕನ್ನೇ ಬದಲಿಸುವ ದಾರಿ. ಜನವರಿಯ ಹಿಮದಲ್ಲಿ ಆ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲವೆಂಬುದು ವ್ಯಾಪಾರಿಗೂ ಗೊತ್ತು. ಟ್ಯಾಂಕನ್ನು ಸ್ವಂತಕ್ಕೆ ಕೊಂಡರೆ ಮೊದಲಿಗೆ ಹೊರೆ ಹೆಚ್ಚಾದರೂ ಚೌಕಾಸಿಯ ಅಧಿಕಾರ ಮನೆಯವರ ಕೈಯಲ್ಲೇ ಉಳಿಯುತ್ತದೆ. ಪ್ರೊಪೇನ್ ಹಿಗ್ಗುವುದಕ್ಕೆ ಜಾಗ ಬಿಡಬೇಕಾದ್ದರಿಂದ ಅಂಥ ಟ್ಯಾಂಕನ್ನು ಶೇ. 80ರಷ್ಟು ಮಾತ್ರ ತುಂಬುತ್ತಾರೆ ಎಂಬುದನ್ನೂ, ಅದರ ಗಾತ್ರ ಗೊತ್ತುಮಾಡುವಾಗ ಮರೆಯಬಾರದು.

ಆಯಿಲ್‌ನ ಅಪಾಯ ನಿಧಾನದ್ದು. ಒಳಗಿನಿಂದ ತುಕ್ಕು ಹಿಡಿದು ಸೋರಿದ ಟ್ಯಾಂಕು ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸಬಲ್ಲದು, ಶುಚಿಗೊಳಿಸುವ ವೆಚ್ಚವನ್ನು ಮನೆಯ ವಿಮೆ ಹಲವು ವೇಳೆ ಭರಿಸುವುದಿಲ್ಲ; ಆದ್ದರಿಂದ ಹಳೆಯ ಮನೆ ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಹಿತ್ತಲಲ್ಲಿ ಟ್ಯಾಂಕು ಹೂತಿದೆಯೇ ಎಂಬುದನ್ನು. ಹೊರಗಿಟ್ಟ ಆಯಿಲ್ ಕಡುಚಳಿಗೆ ಮಂದವಾಗಿ ಕೊಳವೆ ಕಟ್ಟಿಕೊಳ್ಳುವುದರಿಂದ ಅದಕ್ಕೆ ಸೀಮೆಎಣ್ಣೆ ಬೆರೆಸುವ ರೂಢಿಯಿದೆ. ಪ್ರೊಪೇನ್‌ಗೆ ಈ ತೊಡಕಿಲ್ಲ, ಅದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಆವಿಯಾಗುತ್ತದೆ. ಕರ್ನಾಟಕದ ಅಡುಗೆಮನೆಯ ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆಗಿರುವ ಬ್ಯೂಟೇನ್ ಸೊನ್ನೆಯ ಹತ್ತಿರವೇ ದ್ರವವಾಗಿ ಉಳಿದುಬಿಡುವುದರಿಂದ ಆ ಮಿಶ್ರಣ ಅಲ್ಲಿನ ಅಂಗಳಕ್ಕೆ ಒಗ್ಗದು. ಪ್ರೊಪೇನ್‌ನ ಅಪಾಯವೇ ಬೇರೆ: ಗಾಳಿಗಿಂತ ಭಾರವಾದ ಅದು ಸೋರಿದರೆ ನೆಲಮಾಳಿಗೆಯಲ್ಲಿ ಮಡುಗಟ್ಟುತ್ತದೆ, ಹಾಗಾಗಿ ಅದಕ್ಕೆ ಬೆರೆಸಿದ ದುರ್ನಾತ ಮೂಗಿಗೆ ಬಿದ್ದಕೂಡಲೇ ಸ್ವಿಚ್ ಮುಟ್ಟದೆ ಹೊರಗೆ ಬರಬೇಕು.

ಚಿಮಣಿ ಗಟ್ಟಿಯಾಗಿದ್ದು ಆಯಿಲ್ ಟ್ಯಾಂಕು ಹೊಸದಾಗಿದ್ದರೆ, ವರ್ಷಕ್ಕೊಮ್ಮೆ ಮಸಿ ತೆಗೆಸಿ ಫಿಲ್ಟರ್ ಮತ್ತು ನಾಜಲ್ ಬದಲಿಸುತ್ತ ಆಯಿಲ್‌ನಲ್ಲೇ ಮುಂದುವರಿಯುವುದು ವಿವೇಕ. ಎರಡೂ ಸವೆದಿದ್ದರೆ, ಗೋಡೆಯಿಂದಲೇ ಪ್ಲಾಸ್ಟಿಕ್ ಕೊಳವೆಯಲ್ಲಿ ಹೊಗೆ ಬಿಡಬಲ್ಲ ಪ್ರೊಪೇನ್ ಫರ್ನೇಸ್‌ಗೆ ಬದಲಾಗುವುದೇ ಮೇಲು. 1998ರ ಜನವರಿಯಲ್ಲಿ ಈ ಭಾಗದ ವಿದ್ಯುತ್ ತಂತಿಗಳನ್ನು ಕೆಡವಿದ ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆಯಂಥದ್ದು ಬಂದರೆ, ಫ್ಯಾನಿಗೂ ಪಂಪಿಗೂ ವಿದ್ಯುತ್ ಬೇಡುವ ಫರ್ನೇಸ್‌ಗಳು, ಇಂಧನ ಯಾವುದೇ ಇರಲಿ, ನಿಂತುಹೋಗುತ್ತವೆ. ಪ್ರೊಪೇನ್ ಇರುವ ಮನೆಯಲ್ಲಾದರೆ ಅದೇ ಟ್ಯಾಂಕಿನಿಂದ ಜನರೇಟರನ್ನೂ ನಡೆಸಬಹುದು.