ಕೆಳಸಾಲಿನ ಹಲ್ಲು ಈಗೇಕೆ ಒತ್ತಾಯಿತು?

ಮುಂಬೈ ಬಳಿಯ ಕಳ್ವಾ ಊರಿನ ಸಹೋದರಿಗೆ,

ಮದುವೆ ಫೋಟೊದಲ್ಲಿ ನೆಟ್ಟಗಿದ್ದ ಕೆಳಗಿನ ಮುಂಹಲ್ಲುಗಳು ನಲವತ್ತರ ಹೊತ್ತಿಗೆ ಒಂದರ ಮೇಲೊಂದು ಏರಿವೆ, ಬುದ್ಧಿಹಲ್ಲು ತಳ್ಳಿತೇ ಎಂದು ಕೇಳಿದ್ದೀರಿ. ಅದರ ಮೇಲೆ ತಪ್ಪು ಹೊರಿಸಬೇಡಿ. ಬುದ್ಧಿಹಲ್ಲೇ ಬಾರದವರಲ್ಲೂ ಹೀಗಾಗುತ್ತದೆ. ವಯಸ್ಸಾದಂತೆ ಕೆಳದವಡೆಯ ಹಲ್ಲುಸಾಲಿನ ಜಾಗ ಕಿರಿದಾಗುತ್ತ ಬರುತ್ತದೆ. ಹೀಗೆ ಒತ್ತಾದ ಹಲ್ಲು ತಾನಾಗಿ ಸರಿಹೋಗುವುದಿಲ್ಲ.

ಕನ್ನಡಿ ಮುಂದೆ ನಿಂತು ಕೆಳತುಟಿ ಎಳೆದು ಹಿಡಿದು ನೋಡಿ. ಸಂದಿಯಲ್ಲಿ ಹಳದಿ ಗಾರೆ ಕಟ್ಟಿದೆಯೇ? ಉಜ್ಜುವಾಗ ರಕ್ತ ಬರುತ್ತದೆಯೇ? ಒಸಡು ಕೆಳಗಿಳಿದಿದೆಯೇ, ಹಲ್ಲು ಅಲುಗಾಡುತ್ತದೆಯೇ? ಒಂದಿದ್ದರೂ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಕೆಲವೇ ತಿಂಗಳಲ್ಲಿ ಹಲ್ಲು ಸರಿದಿದ್ದರೂ ಅಷ್ಟೇ, ಅದಕ್ಕೆ ಒಸಡಿನ ರೋಗ ಕಾರಣವಿರಬಹುದು. ಮೊದಲು ಒಸಡು ಗುಣವಾಗಬೇಕು, ಆಮೇಲೆ ತಂತಿ. ಇವೇನೂ ಇಲ್ಲದಿದ್ದರೆ ಅವಸರವಿಲ್ಲ. ನಲವತ್ತರಲ್ಲೂ ತಂತಿ ಹಾಕಬಹುದು, ಸಂಕೋಚ ಬೇಡ. ತಂತಿ ತೆಗೆದ ಮೇಲೆ ಮಾತ್ರ ಹಲ್ಲನ್ನು ಹಿಡಿದಿಡುವ ರಿಟೇನರ್ ಬಿಡಬೇಡಿ. ಬಿಟ್ಟರೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಹೊರಡುತ್ತದೆ.

ನಿಮ್ಮ ಒಂಬತ್ತು ವರ್ಷದ ಮಗಳ ವಿಷಯ ಬೇರೆ. ಅವಳ ಮೇಲಿನ ಮುಂಹಲ್ಲುಗಳ ನಡುವಿನ ಸಂದು 11-12ರ ವಯಸ್ಸಿನಲ್ಲಿ ಕೋರೆಹಲ್ಲು ಬಂದಾಗ ಎಷ್ಟೋ ಸಲ ತಾನೇ ಮುಚ್ಚುತ್ತದೆ. ಆದರೂ ವಕ್ರದಂತ ತಜ್ಞರಿಗೆ ಒಮ್ಮೆ ತೋರಿಸಿ. ಕಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುತ್ತಿದ್ದರೆ ಕಾಯುವುದೇ ತಪ್ಪು.

ಖರ್ಚಿನ ಚಿಂತೆ ನನಗೂ ಅರ್ಥವಾಗುತ್ತದೆ. ಕಳ್ವಾದಲ್ಲಿ ಸ್ಲೋ ಲೋಕಲ್ ಹತ್ತಿ ಮುಂಬೈನ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದರೆ, ಪಕ್ಕದ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ದಂತ ಕಾಲೇಜಿದೆ. ಮಗಳನ್ನೂ ಕರೆದುಕೊಂಡು ಹೋಗಿ, ಇಬ್ಬರದೂ ಒಂದೇ ದಿನ ತೋರಿಸಿ.